ಒಂದು ಚಮಚ ಸಕ್ಕರೆ, ಹತ್ತು ಕೋಟಿ ಬದುಕು

ಅಪ್ಪನ ಕಾಫಿಗೆ ಅಮ್ಮ ಸಕ್ಕರೆ ಹಾಕುವುದನ್ನು ನಿಲ್ಲಿಸಿ ಹದಿನಾಲ್ಕು ವರ್ಷವಾಯಿತು. ಸಕ್ಕರೆ ಡಬ್ಬಿಯಲ್ಲಿರುವ ಚಮಚ ಮಾತ್ರ ಆಗಿನದೇ, ಹಿಡಿ ಸ್ವಲ್ಪ ಸೊಟ್ಟಗಾದ ಸ್ಟೀಲಿನ ಪುಟ್ಟ ಚಮಚ. ಮೊನ್ನೆ ಅದರಲ್ಲಿ ಸಕ್ಕರೆ ತುಂಬಿ, ಮೇಲಿನದನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ನಾಲ್ಕೂವರೆ ಗ್ರಾಂ ಬಂತು.

ತೂಗಿದ್ದಕ್ಕೆ ಕಾರಣವಿತ್ತು. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಆರೋಗ್ಯವಂತರಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದರೆ ಪ್ರತಿ 100 ಮಿಲಿಲೀಟರಿಗೆ 90 ಮಿಲಿಗ್ರಾಂ ಆಸುಪಾಸು ಗ್ಲೂಕೋಸ್ ಸಿಗುತ್ತದೆ. ಗುಣಿಸಿ ನೋಡಿ: ನಾಲ್ಕೂವರೆ ಗ್ರಾಂ. ತಲೆಯಿಂದ ಅಂಗುಷ್ಠದವರೆಗೆ ಸುತ್ತುವ ಅಷ್ಟೂ ರಕ್ತದಲ್ಲಿ ಇರುವ ಸಕ್ಕರೆ, ಅಮ್ಮನ ಆ ಸೊಟ್ಟ ಚಮಚದಲ್ಲಿ ಒಂದು ಸಲ ಹಿಡಿಯುವಷ್ಟು.

ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 126 ಮುಟ್ಟಿ ಇನ್ನೊಂದು ಸಲವೂ ಹಾಗೇ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಅದೇ ಐದು ಲೀಟರಿನ ಲೆಕ್ಕದಲ್ಲಿ 100 ಅಂದರೆ 5 ಗ್ರಾಂ, 126 ಅಂದರೆ 6.3 ಗ್ರಾಂ. ನಡುವಿನ ಅಂತರ ಒಂದೂಕಾಲು ಗ್ರಾಮಿಗಿಂತ ಒಂದಿಷ್ಟು ಹೆಚ್ಚು. ಒಂದು ಚಿಟಿಕೆ. ಒಬ್ಬ ಮನುಷ್ಯ ಕಾಯಿಲೆಯ ಗೆರೆಯ ಆಚೆಗೋ ಈಚೆಗೋ ಎಂದು ಹೇಳುವುದು ಈ ಚಿಟಿಕೆ.

ಈಗ ಇದರ ಪಕ್ಕದಲ್ಲಿ ಒಂದು ಮುದ್ದೆ ಇಟ್ಟು ನೋಡೋಣ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಕಟ್ಟಿದ ಮುದ್ದೆಯಲ್ಲಿ ಪಿಷ್ಟವೇ ಅರವತ್ತು ಗ್ರಾಮಿಗೂ ಹೆಚ್ಚು. ಅದು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೇ ಇಳಿಯಬೇಕು, ಬೇರೆ ದಾರಿಯಿಲ್ಲ. ಐದು ಗ್ರಾಂ ಇರಬೇಕಾದ ಕಡೆಗೆ ಅದರ ಹನ್ನೆರಡು ಪಟ್ಟಿಗೂ ಹೆಚ್ಚು ಸಕ್ಕರೆ ಕೆಲವೇ ಗಂಟೆಗಳಲ್ಲಿ ಬಂದು ಬೀಳುತ್ತದೆ. ಆದರೂ ಆರೋಗ್ಯವಂತರ ರಕ್ತದಲ್ಲಿ ಅದು ಏಳು ಗ್ರಾಂ ದಾಟುವುದೇ ಅಪರೂಪ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತಾ ಹೋಗುತ್ತದೆ, ಸ್ನಾಯುಗಳೂ ಯಕೃತ್ತೂ ಬಂದ ಸಕ್ಕರೆಯನ್ನು ಎಳೆದುಕೊಳ್ಳುತ್ತಾ ಹೋಗುತ್ತವೆ. ಉಂಡವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಾರೆ. ಸಕ್ಕರೆ ಕಾಯಿಲೆ ಬಂತೆಂದರೆ ಈ ಕೆಲಸ, ಅದರ ಒಂದು ಪಾಲಾದರೂ, ಮನುಷ್ಯನ ತಲೆಗೆ ಬರುತ್ತದೆ. ಮೈ ತಾನಾಗಿ ಮಾಡುತ್ತಿದ್ದ ಲೆಕ್ಕವನ್ನು ಗುಳಿಗೆ, ಸೂಜಿ, ಪಥ್ಯ, ನಡಿಗೆಗಳಿಂದ ನಾವು ಮಾಡಬೇಕು. ಭಾನುವಾರವೂ ಮಾಡಬೇಕು, ಮಗಳ ಮದುವೆಯ ದಿನವೂ ಮಾಡಬೇಕು, ಬಸ್ಸಿನಲ್ಲಿ ಕೂತಾಗಲೂ ಮಾಡಬೇಕು.

ಲೆಕ್ಕ ಕೆಳಕ್ಕೆ ತಪ್ಪಿದರೆ ಇನ್ನೂ ಕಷ್ಟ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಗಂಟೆಗೆ ಐದು ಗ್ರಾಂ, ಅಂದರೆ ಇಡೀ ರಕ್ತದಲ್ಲಿರುವಷ್ಟನ್ನು ಮಿದುಳು ಒಂದೇ ಗಂಟೆಯಲ್ಲಿ ಮುಗಿಸುತ್ತದೆ. ಯಕೃತ್ತು ಹಿಂದಿನಿಂದ ತುಂಬುತ್ತಿರುವುದರಿಂದ ನಡೆಯುತ್ತಿದೆ. ಇನ್ಸುಲಿನ್ ತುಸು ಹೆಚ್ಚಾಗಿ, ಊಟ ತುಸು ಕಡಿಮೆಯಾಗಿ, ಮೀಟರಿನಲ್ಲಿ 54ಕ್ಕೆ ಇಳಿಯಿತು ಎಂದುಕೊಳ್ಳಿ. ಆಗ ಐದು ಲೀಟರಿನಲ್ಲಿ ಉಳಿದಿರುವುದು 2.7 ಗ್ರಾಂ. ಕೈ ನಡುಗುತ್ತದೆ, ತಣ್ಣನೆಯ ಬೆವರು ಕಿತ್ತುಕೊಂಡು ಬರುತ್ತದೆ, ಎದುರಿಗೆ ನಿಂತವರ ಹೆಸರು ನಾಲಿಗೆಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ 'ಲೋ ಆಯ್ತು' ಎಂಬ ಎರಡೇ ಪದ. ಆ ಮಾತು ಕಿವಿಗೆ ಬಿದ್ದರೆ ಯಾರು ಎಲ್ಲಿದ್ದರೂ ಅಡುಗೆಮನೆಗೆ ಓಡುತ್ತೇವೆ. ಮೂರು ಚಮಚ ಸಕ್ಕರೆ, ಅರ್ಧ ಲೋಟ ನೀರು, ಕಾಲು ಗಂಟೆ ಕಾದು ಮತ್ತೆ ಪರೀಕ್ಷೆ. ಹದಿನಾಲ್ಕು ವರ್ಷದಿಂದ ವೈರಿಯೆಂದು ದೂರ ಇಟ್ಟ ಡಬ್ಬಿ ಆ ಹೊತ್ತಿಗೆ ಔಷಧಿಯ ಡಬ್ಬಿ.

ಒಂದು ಮನೆಯ ಮಾತಾಯಿತು. ಇಂಥ ಮನೆಗಳು ಎಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನವರು 2008ರಿಂದ 2020ರವರೆಗೆ ಮನೆ ಮನೆಗೆ ಹೋಗಿ ಜನರನ್ನು ಪರೀಕ್ಷಿಸಿದರು. 31 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳು, 1,13,043 ಜನ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಜನ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಕೈಗೂಸಿನಿಂದ ಹಣ್ಣು ಮುದುಕರವರೆಗೆ ಪ್ರತಿಯೊಬ್ಬರಿಗೂ ಈ ಕಾಯಿಲೆ ಬಂದಿದೆ ಎಂದುಕೊಂಡರೂ ಆ 10.1 ಕೋಟಿ ತುಂಬಲು ಇನ್ನೂ ನಾಲ್ಕು ಕೋಟಿ ಜನ ಬೇಕು. ಕಾರವಾರದ ಸೇತುವೆ ದಾಟಿ ಗೋವಾಕ್ಕೆ ಹೋದರೆ ನೂರು ವಯಸ್ಕರಲ್ಲಿ 26 ಜನರಿಗೆ ಇದೆ, ದೇಶದಲ್ಲೇ ಅತಿ ಹೆಚ್ಚು.

ಈ ಸಂಖ್ಯೆಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿರುತ್ತೀರಿ. ನನ್ನನ್ನು ಬೆಚ್ಚಿಸಿದ್ದು ಬೇರೆಯೊಂದು ಲೆಕ್ಕ. 2005ರಲ್ಲಿ ಅಮೆರಿಕದ ಸಂಶೋಧಕರು ಕೂತು ಗಡಿಯಾರ ಹಿಡಿದಂತೆ ಒಂದು ಪಟ್ಟಿ ಮಾಡಿದರು. ಬರೀ ಗುಳಿಗೆಯಲ್ಲಿರುವ, ಇನ್ಸುಲಿನ್ ಇಲ್ಲದ, ರೂಢಿಯಾದ ಒಬ್ಬ ರೋಗಿ ವೈದ್ಯರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೆ ದಿನಕ್ಕೆ ಎಷ್ಟು ಹೊತ್ತು ಬೇಕು? ರಕ್ತ ಪರೀಕ್ಷೆ, ಬರೆದಿಡುವುದು, ಕಾಲು ನೋಡಿಕೊಳ್ಳುವುದು, ನಡಿಗೆ, ಪಥ್ಯದ ಅಡುಗೆ, ಸಾಮಾನು ತರುವುದು. ಬಂದ ಉತ್ತರ ಎರಡು ಗಂಟೆಗೂ ಹೆಚ್ಚು. ದಿನಕ್ಕೆ ಎರಡೇ ಗಂಟೆ ಎಂದಿಟ್ಟುಕೊಂಡರೂ ವರ್ಷಕ್ಕೆ 730 ಗಂಟೆ, ಅಂದರೆ ಹಗಲೂ ರಾತ್ರಿ ಸೇರಿ ಪೂರಾ ಒಂದು ತಿಂಗಳು. ಸಕ್ಕರೆ ಕಾಯಿಲೆಯವರ ವರ್ಷಕ್ಕೆ ಹನ್ನೊಂದೇ ತಿಂಗಳು. 10.1 ಕೋಟಿ ಜನರೂ ಹಾಗೆ ನಡೆದುಕೊಂಡರೆ ನಮ್ಮ ದೇಶ ಈ ಕೆಲಸಕ್ಕೆ ಒಂದೊಂದು ದಿನವೂ ಕೊಡುವ ಹೊತ್ತು 20 ಕೋಟಿ ಗಂಟೆ. ವರ್ಷಗಳಿಗೆ ತಿರುಗಿಸಿದರೆ 23 ಸಾವಿರ ವರ್ಷ, ಬರೀ ಒಂದು ದಿನದಲ್ಲಿ.

ಡಾಕ್ಟರು ಕೊಡುವ ಹೊತ್ತು? ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಎಂದರೆ ವರ್ಷಕ್ಕೆ ನಲವತ್ತು ನಿಮಿಷ. ವರ್ಷದಲ್ಲಿ ಗಂಟೆಗಳು 8,760. ಉಳಿದ 8,759 ಚಿಲ್ಲರೆ ಗಂಟೆ ರೋಗಿಯೇ ಡಾಕ್ಟರು, ರೋಗಿಯೇ ನರ್ಸು, ರೋಗಿಯೇ ಕಾಂಪೌಂಡರು. ಹತ್ತು ವರ್ಷದ ಮಗುವಿಗೆ ಟೈಪ್ 1 ಬಗೆಯ ಸಕ್ಕರೆ ಕಾಯಿಲೆ ಬಂದು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದರೆ ಮೂವತ್ತನೇ ವಯಸ್ಸಿಗೆ ಬರುವಷ್ಟರಲ್ಲಿ 29,200 ಚುಚ್ಚು. ಬೆರಳಿನ ತುದಿಯದು ಬೇರೆ ಲೆಕ್ಕ.

ಇಷ್ಟೆಲ್ಲ ಹೊತ್ತುಕೊಂಡು ಬದುಕುವವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: 'ಶುಗರ್ ಎಷ್ಟಿದೆ?' ಬೀಗರು ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಮಕ್ಕಳು ಫೋನಿನಲ್ಲಿ ಕೇಳುತ್ತೇವೆ. ಸಂಖ್ಯೆ ಕಡಿಮೆ ಹೇಳಿದರೆ ಶಭಾಸ್, ಹೆಚ್ಚು ಹೇಳಿದರೆ 'ಬಾಯಿ ಕಟ್ಟಬೇಕು ನೋಡಿ'. ಮದುವೆ ಮನೆಯಲ್ಲಿ ಅಪ್ಪನ ಎಲೆಗೆ ಅರ್ಧ ಹೋಳಿಗೆ ಬಿದ್ದರೆ ಸಾಲಿನಲ್ಲಿ ಕೂತ ಆರು ಜನ ತಿರುಗಿ ನೋಡುತ್ತಾರೆ. ಆ ಆರು ನೋಟಗಳ ತೂಕ ಯಾವ ಮೀಟರಿನಲ್ಲೂ ಬರುವುದಿಲ್ಲ.

ಆದರೆ ಬದುಕನ್ನು ಅಳೆಯುವ ಮೀಟರು ಇದೆ ಎಂದು ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅಂಥವು ಹಲವಾರಿವೆ. ವಿಶ್ವ ಆರೋಗ್ಯ ಸಂಸ್ಥೆ ಮದ್ರಾಸು, ದೆಹಲಿಯನ್ನೂ ಸೇರಿಸಿ ಜಗತ್ತಿನ 15 ಊರುಗಳಲ್ಲಿ ಜನರನ್ನು ಕೇಳಿ ಕೇಳಿ 100 ಪ್ರಶ್ನೆಗಳ ಒಂದು ಪಟ್ಟಿ ಮಾಡಿತು, ಆಮೇಲೆ ಅದನ್ನೇ 26ಕ್ಕೆ ಇಳಿಸಿತು. ಇಂಥವುಗಳಲ್ಲಿ ತೀರಾ ಚಿಕ್ಕದೊಂದು ಇಕ್ಯೂ-5ಡಿ. ಬರೀ ಐದು ಪ್ರಶ್ನೆ: ಓಡಾಟ ಹೇಗಿದೆ, ಸ್ನಾನ ಬಟ್ಟೆ ಎಲ್ಲ ನೀವೇ ಮಾಡಿಕೊಳ್ಳುತ್ತೀರಾ, ದಿನದ ಕೆಲಸ ಆಗುತ್ತದೆಯೇ, ನೋವಿದೆಯೇ, ಆತಂಕ ಬೇಸರ ಇದೆಯೇ. ಒಂದೊಂದಕ್ಕೂ ಐದು ಹಂತದ ಉತ್ತರ. ಐದು ಪ್ರಶ್ನೆ, ಐದು ಹಂತ, ಐದನ್ನು ಐದು ಸಲ ಇಟ್ಟು ಗುಣಿಸಿದರೆ 3,125 ಬಗೆಯ ಬದುಕು. ಒಂದೊಂದಕ್ಕೂ ಒಂದು ಬೆಲೆ. 1 ಎಂದರೆ ಪೂರ್ಣ ಆರೋಗ್ಯ, 0 ಎಂದರೆ ಸಾವಿಗೆ ಸಮ. ಸೊನ್ನೆಗಿಂತ ಕೆಳಗಿನವೂ ಇವೆ.

ಬೆಲೆ ಕಟ್ಟುವವರು ಡಾಕ್ಟರುಗಳಲ್ಲ. ರಸ್ತೆಯಲ್ಲಿ ಹೋಗುವ ನಿಮ್ಮಂಥ ನನ್ನಂಥ ಜನರನ್ನು ಕೂರಿಸಿ ಕೇಳುತ್ತಾರೆ: ಇಂಥ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದಕ್ಕೆ ಬದಲಾಗಿ ಪೂರ್ಣ ಆರೋಗ್ಯದಲ್ಲಿ ಎಷ್ಟು ವರ್ಷ ಸಿಕ್ಕರೆ ನೀವು ಒಪ್ಪುತ್ತೀರಿ? ಎಂಟು ವರ್ಷಕ್ಕೆ ಒಪ್ಪಿದರೆ ಆ ಸ್ಥಿತಿಯ ಬೆಲೆ 0.8. ಭಾರತದವರ ಉತ್ತರ ಹಿಡಿದು ಬೆಲೆ ಕಟ್ಟುವ ಕೆಲಸ ಚಂಡೀಗಢದ ಪಿಜಿಐ ಸಂಸ್ಥೆಯವರಿಂದ ಆಯಿತು, ಮೂರೂವರೆ ಸಾವಿರ ಜನರನ್ನು ಮಾತಾಡಿಸಿ, 2022ರಲ್ಲಿ. ಬದುಕನ್ನು ಹೀಗೆ ದಶಾಂಶದಲ್ಲಿ ತೂಗುವುದು ಮೊದಲು ನನಗೆ ಸರಿಬರಲಿಲ್ಲ. ಈಗ ಅನ್ನಿಸುತ್ತದೆ, ಅಪ್ಪನ ರಕ್ತವನ್ನು ಮಿಲಿಗ್ರಾಮಿನಲ್ಲಿ ತೂಗಬಹುದಾದರೆ ಅವರ ಬೆಳಗು, ಸಂಜೆ, ನಿದ್ದೆಯನ್ನೂ ಯಾರಾದರೂ ಕೂತು ತೂಗಲಿ. ತೂಗದಿದ್ದರೆ ಅವು ಫೈಲಿನೊಳಗೆ ಬರುವುದೇ ಇಲ್ಲ.

ಹಾಗೆ ತೂಗಿ ನೋಡಿದವರೂ ಇದ್ದಾರೆ. 1977ರಲ್ಲಿ ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಆಗಷ್ಟೇ ಕಾಯಿಲೆ ಪತ್ತೆಯಾದ 5,102 ಜನ ಅದರಲ್ಲಿದ್ದರು. ಮುಖ್ಯ ಫಲಿತಾಂಶ ಬರಲು 1998 ಆಯಿತು. ಇಷ್ಟು ವರ್ಷ ಜೊತೆಯಲ್ಲೇ ಬಂದ ಜನರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಇದೇ ಐದು ಪ್ರಶ್ನೆಗಳನ್ನು ಕೇಳಿದರು. ಚಿಕಿತ್ಸೆ ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂಬುದರಿಂದ ಬದುಕಿನ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ಸುಲಿನ್ ಎಂದರೆ ಬದುಕೇ ಮುಗಿಯಿತು ಎಂದು ಹೆದರಿ ವರ್ಷಗಟ್ಟಲೆ ಮುಂದೂಡುವವರಿಗೆ ಇದನ್ನು ಕೂಗಿ ಹೇಳಬೇಕೆನಿಸುತ್ತದೆ. ಬದುಕನ್ನು ತಿಂದದ್ದು ಕಾಯಿಲೆಯ ತೊಡಕುಗಳು. ಯಾವ ತೊಡಕು ಎಷ್ಟು ತಿಂದಿತು ಎಂಬ ಲೆಕ್ಕ 2002ರಲ್ಲಿ ಹೊರಬಂತು.

ಯಾವ ತೊಡಕೂ ಇಲ್ಲದವರ ಬದುಕಿನ ಬೆಲೆ 0.785. ಅದರಿಂದ ಕಳೆಯುತ್ತಾ ಹೋಗಿ. ಹೃದಯಾಘಾತವಾದರೆ 0.055. ಒಂದು ಕಣ್ಣು ಹೋದರೆ 0.074. ಹೃದಯ ಸೋತರೆ 0.108. ಪಾರ್ಶ್ವವಾಯು ಹೊಡೆದರೆ 0.164. ಕಾಲು ಕತ್ತರಿಸಿದರೆ 0.280.

ನಾನು ಈ ಸಾಲಿನ ಮುಂದೆ ತುಂಬಾ ಹೊತ್ತು ಕೂತಿದ್ದೆ. ನಾವೆಲ್ಲ ಹೆದರುವುದು ಹಾರ್ಟ್ ಅಟ್ಯಾಕಿಗೆ. ಬದುಕಿ ಉಳಿದವರನ್ನು ಕೇಳಿದರೆ ಕಾಲು ಹೋದಾಗ ಬದುಕು ಕಳೆದುಕೊಳ್ಳುವುದು ಅದರ ಐದು ಪಟ್ಟು. ಯೋಚಿಸಿದರೆ ಕಾರಣ ಕಾಣುತ್ತದೆ. ಎದೆಯ ಗಾಯ ಅಂಗಿಯ ಒಳಗೆ ಉಳಿಯುತ್ತದೆ, ಮನುಷ್ಯ ತಿಂಗಳೆರಡು ತಿಂಗಳಲ್ಲಿ ಮತ್ತೆ ಮಾರ್ಕೆಟ್ಟಿಗೆ ಹೋಗುತ್ತಾನೆ. ಕಾಲು ಇಲ್ಲದವರಿಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವಾಗಲೇ ದಿನ ಶುರುವಾಗುವುದು. ಓಡಾಟ, ಸ್ನಾನ, ಕೆಲಸ, ನೋವು, ಬೇಸರ: ಆ ಐದು ಪ್ರಶ್ನೆಗಳಲ್ಲಿ ಒಂದನ್ನೂ ಅದು ಬಿಡುವುದಿಲ್ಲ. ಹತ್ತು ವರ್ಷ ಹಾಗೆ ಬದುಕಿದರೆ ಪೂರ್ಣ ಆರೋಗ್ಯದ ಎರಡು ವರ್ಷ ಒಂಬತ್ತೂವರೆ ತಿಂಗಳು ಹೋದಂತೆ.

ನಮ್ಮ ಮನೆ ಆ 0.280ರ ಹೊಸ್ತಿಲಿನ ತನಕ ಹೋಗಿ ಬಂದಿದೆ. ನಾಲ್ಕು ವರ್ಷದ ಹಿಂದೆ, ಏಪ್ರಿಲಿನಲ್ಲಿ, ಹಂಪಿಗೆ ಹೋಗಿದ್ದೆವು. ವಿರೂಪಾಕ್ಷನ ಗುಡಿಯ ಅಂಗಳದ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದ ಹಂಚಾಗಿತ್ತು. ಬರಿಗಾಲಲ್ಲಿ ನಾವೆಲ್ಲ ಕುಣಿಯುತ್ತಾ ನೆರಳಿಗೆ ಓಡಿದೆವು. ಅಪ್ಪ ಮಾತ್ರ ಕೈ ಮುಗಿದುಕೊಂಡು ನಿಧಾನಕ್ಕೆ, ಒಂದೊಂದೇ ಹೆಜ್ಜೆ ಊರಿ, ಮೂರು ಸುತ್ತು ಬಂದರು. ಅವರ ಭಕ್ತಿ ನೋಡಿ ನನ್ನ ಕಣ್ಣು ತುಂಬಿತು. ರಾತ್ರಿ ಲಾಡ್ಜಿನಲ್ಲಿ ನನ್ನ ಮಗಳು ನೆಲ ತೋರಿಸಿ, 'ತಾತ, ನಿನ್ ಕಾಲಲ್ಲಿ ನೀರು' ಅಂದಳು. ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ, ಒಂದೇ ಕಾಲಿನದು. ಎತ್ತಿ ನೋಡಿದರೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿಯಗಲದ ಗುಳ್ಳೆ ಒಡೆದು ಚರ್ಮ ಸುರುಳಿಯಾಗಿತ್ತು. ಅಪ್ಪ ಅದನ್ನು ಬೇರೆಯವರ ಕಾಲಿನಂತೆ ನೋಡುತ್ತಾ, 'ಏನೂ ಗೊತ್ತಾಗ್ಲಿಲ್ವಲ್ಲ ಪುಟ್ಟಿ' ಅಂದರು.

ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಬರುವ ನರ ಸುಮಾರು ಒಂದು ಮೀಟರ್ ಉದ್ದ, ಮೈಯಲ್ಲೇ ಅತಿ ಉದ್ದ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರ ಮೊದಲು ಸೋಲುವುದು ತುದಿಯಿಂದ. ಸೋತಿದೆಯೋ ಇಲ್ಲವೋ ತಿಳಿಯಲು ಒಂದು ನೈಲಾನ್ ಎಳೆ ಸಾಕು. ಅದನ್ನು ಪಾದಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರ ಬಿದ್ದೊಡನೆ ಬಾಗುತ್ತದೆ. ಕಣ್ಣು ಮುಚ್ಚಿದ ರೋಗಿಗೆ ಆ ಒತ್ತು ತಿಳಿಯದಿದ್ದರೆ ಪಾದಕ್ಕೆ ಕಾವಲಿಲ್ಲ ಎಂದು ಅರ್ಥ. ಎರಡು ನಿಮಿಷದ ಕೆಲಸ. ಅಪ್ಪನಿಗೆ ಅದನ್ನು ಮೊದಲ ಸಲ ಮಾಡಿದ್ದು ಹಂಪಿಯಿಂದ ಬಂದ ಮೇಲೆ, ಕಾಯಿಲೆ ಬಂದು ಹತ್ತು ವರ್ಷವಾದ ಮೇಲೆ. ಅಲ್ಲಿಯವರೆಗೆ ಅವರು ತೋರಿಸುತ್ತಿದ್ದ ಕಡೆ ಚಪ್ಪಲಿ ಬಿಚ್ಚಿ ಎಂದು ಯಾರೂ ಅಂದಿರಲಿಲ್ಲ. ನಾವೂ ಕೇಳಿರಲಿಲ್ಲ, ನಮಗೆ ತಿಳಿದಿರಲಿಲ್ಲ. ಗಾಯ ಮಾಯಲು ಮೂರೂವರೆ ತಿಂಗಳು ಹಿಡಿಯಿತು. ಎರಡು ಸಲ ಡಾಕ್ಟರು 'ಬೆರಳು' ಎಂಬ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದರು.

2005ರ ನವೆಂಬರಿನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ತನ್ನ ಮುಖಪುಟದಲ್ಲೇ ಅಚ್ಚುಹಾಕಿದ ಲೆಕ್ಕವೊಂದಿದೆ: ಸಕ್ಕರೆ ಕಾಯಿಲೆಯಿಂದ ಜಗತ್ತಿನಲ್ಲಿ ಎಲ್ಲೋ ಒಂದು ಕಡೆ 30 ಸೆಕೆಂಡಿಗೊಂದು ಕಾಲು ಹೋಗುತ್ತಿದೆ. ದಿನಕ್ಕೆ 2,880. ವರ್ಷಕ್ಕೆ ಹತ್ತೂವರೆ ಲಕ್ಷ. 2011ರ ಜನಗಣತಿಯಲ್ಲಿ ಮೈಸೂರು ನಗರದಲ್ಲಿ ಇಷ್ಟು ಜನರಿರಲಿಲ್ಲ. ಹೀಗೆ ಹೋಗುವ ನೂರು ಕಾಲುಗಳಲ್ಲಿ ಸುಮಾರು 85ರ ಕತೆ ಶುರುವಾಗುವುದು ಪಾದದ ಒಂದು ಹುಣ್ಣಿನಿಂದ. ಚಪ್ಪಲಿ ಕಚ್ಚಿದ್ದು, ಉಗುರು ತೆಗೆಯುವಾಗ ಬ್ಲೇಡು ತಾಗಿದ್ದು, ಬಿಸಿ ಕಲ್ಲು.

ಕಾಲು ನೋಡದಿದ್ದದ್ದು ಒಂದಾದರೆ, ಹೇಗಿದ್ದೀರಿ ಎಂದು ಕೇಳದೇ ಇರುವುದು ಇನ್ನೊಂದು. ಡಾನ್-2 ಎಂಬ ಅಧ್ಯಯನದಲ್ಲಿ ಭಾರತವೂ ಸೇರಿ 17 ದೇಶಗಳ 8,596 ಸಕ್ಕರೆ ಕಾಯಿಲೆಯವರನ್ನು ಮಾತಾಡಿಸಿದರು. 2013ರಲ್ಲಿ ಬಂದ ಉತ್ತರ ಹೀಗಿತ್ತು: ನೂರರಲ್ಲಿ ಸುಮಾರು 45 ಜನರಿಗೆ ಈ ಕಾಯಿಲೆಯ ನಿತ್ಯದ ಜಂಜಾಟವೇ ಮನಸ್ಸಿಗೆ ಭಾರವಾಗಿದೆ. ಸುಮಾರು 14 ಜನರಲ್ಲಿ ಖಿನ್ನತೆಯ ಲಕ್ಷಣವಿದೆ. ಸುಮಾರು 40 ಜನ, ಔಷಧಿಯೇ ತಮ್ಮ ಮಾಮೂಲಿ ಬದುಕಿಗೆ ಅಡ್ಡ ಬರುತ್ತಿದೆ ಎಂದರು. ಈ ಕಾಯಿಲೆ ನಿಮ್ಮ ಬದುಕನ್ನು ಹೇಗೆ ಮಾಡಿದೆ ಎಂದು ಡಾಕ್ಟರೋ ನರ್ಸೋ ಕೇಳಿದ್ದಾರೆ ಎಂದವರು ನೂರಕ್ಕೆ 24. ಉಳಿದ 76 ಜನ ಸಕ್ಕರೆಯ ಅಂಕಿ ಹೇಳಿ, ಚೀಟಿ ಬರೆಸಿಕೊಂಡು, ಎದ್ದು ಬಂದವರು. ಅದೇ ಅಧ್ಯಯನದಲ್ಲಿ ರೋಗಿಗಳ ಮನೆಯವರಲ್ಲಿ ಎರಡು ಸಾವಿರ ಜನರನ್ನೂ ಕೇಳಿದ್ದರು. ಮನೆಯವರನ್ನೂ ಯಾಕೆ ಕೇಳಬೇಕು ಎಂಬುದು ನನಗೆ ತಡವಾಗಿ ಹೊಳೆಯಿತು.

ಹೋದ ತಿಂಗಳು ಒಂದು ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಒಂದು ಗೆರೆ ಎಳೆದೆ. ಇಕ್ಯೂ-5ಡಿಯ ಕೊನೆಗೆ ಬರುವ ಅಳತೆಗೋಲು ಅದು, ಥರ್ಮಾಮೀಟರಿನಂತೆ ನಿಂತಿರುತ್ತದೆ, ತುದಿಯಲ್ಲಿ 100, ಬುಡದಲ್ಲಿ 0. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಮೊದಲು ಐದು ಪ್ರಶ್ನೆ ಕೇಳಿದೆ. ಓಡಾಟ? 'ಮೆಟ್ಟಿಲು ಇಳಿಯೋವಾಗ ಕಾಲು ಎಲ್ಲಿ ಊರಿದೀನಿ ಅಂತ ನೋಡ್ಕೊಂಡೇ ಇಳೀಬೇಕು.' ಸ್ನಾನ, ಬಟ್ಟೆ? 'ಅದೆಲ್ಲ ಆಗುತ್ತೆ. ಉಗುರು ನಿಮ್ಮಮ್ಮ ತೆಗೀತಾಳೆ.' ಕೆಲಸ? ಪೇಪರ್ ಓದುವುದು ಅರ್ಧಕ್ಕೆ ಬಿಡುತ್ತೇನೆ ಎಂದರು, ಕಣ್ಣು ಮಂಜಾಗುತ್ತದೆ ಎಂದು ನಮಗ್ಯಾರಿಗೂ ಹೇಳಿರಲಿಲ್ಲ. ನೋವು? ರಾತ್ರಿ ಪಾದ ಉರಿಯುತ್ತದೆ, ಹೊದಿಕೆ ತಾಗಿದರೂ ಆಗುವುದಿಲ್ಲ. ಬೇಸರ, ಆತಂಕ? ಇದಕ್ಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೋಲಿನ ಮೇಲೆ ಬೆರಳಿಟ್ಟರು. ಅರವತ್ತೈದು.

ಅಮ್ಮ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನೀನೂ ಹೇಳಮ್ಮ ಅಂದೆ. 'ನಂಗೇನು ಶುಗರ್ ಇದ್ಯಾ, ನಂಗ್ಯಾಕೆ?' ಅಂದಳು. ಒತ್ತಾಯ ಮಾಡಿದ ಮೇಲೆ ಬಗ್ಗಿ ನೋಡಿ ಐವತ್ತರ ಕೆಳಗೆ, ನಲವತ್ತೈದರ ಹತ್ತಿರ ಬೆರಳಿಟ್ಟಳು. ಯಾಕೆ ಅಷ್ಟು ಕಡಿಮೆ ಎಂದರೆ ಮಾತು ಬೇಡ ಎನ್ನುವಂತೆ ತಲೆಯಾಡಿಸಿದಳು. ಹೇಳಿದ್ದು ಅಪ್ಪ. ಎರಡು ವರ್ಷದ ಹಿಂದೆ ಒಂದು ರಾತ್ರಿ ಮೂರು ಗಂಟೆಗೆ ಲೋ ಆಗಿ ಅವರಿಗೆ ಎಚ್ಚರ ತಪ್ಪಿತ್ತು. ಅವತ್ತಿನಿಂದ ಪ್ರತಿ ರಾತ್ರಿ ಆ ಹೊತ್ತಿಗೆ ಅವಳು ಏಳುತ್ತಾಳೆ. ದೀಪ ಹಾಕುವುದಿಲ್ಲ. ಅಪ್ಪನ ಹಣೆ ಮುಟ್ಟಿ, ಕತ್ತಿನ ಹಿಂದೆ ಬೆವರಿದೆಯೇ ಎಂದು ಸವರಿ ನೋಡಿ ಮಲಗುತ್ತಾಳೆ. ಆಮೇಲೆ ನಿದ್ದೆ ಬಂದರೆ ಬಂತು. ಎರಡು ವರ್ಷ, ಏಳುನೂರ ಮೂವತ್ತು ರಾತ್ರಿ. ಅಪ್ಪನಿಗೆ ಪ್ರತಿ ಸಲವೂ ಎಚ್ಚರವಿರುತ್ತಿತ್ತಂತೆ, ಮಲಗಿದಂತೆ ಇರುತ್ತಿದ್ದರಂತೆ.

ಅಮ್ಮ ಬೆರಳು ತೆಗೆದು ಒಳಗೆ ಹೋದಳು. ಅಪ್ಪ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿ, ಅವಳ ಬೆರಳಿದ್ದ ಜಾಗದಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಅವಳ ಹೆಸರು ಬರೆದರು.